ಮಾದರಿ ಹಾಯಿದೋಣಿಯ ಒಡಲಿನಲ್ಲಿ ಸೀಸದ ಗುಂಡುಗಳನ್ನು ಕದಲದಂತೆ ಕೂರಿಸುವುದು ಹೇಗೆ?

ಸುಮಾರು 80 ಸೆಂ.ಮೀ. ಉದ್ದದ ಮರದ ಹಾಯಿದೋಣಿಯೊಂದನ್ನು ಕಟ್ಟಿದ್ದೀರಿ, ನಿಲುಭಾರಕ್ಕೆಂದು, ಅಂದರೆ ದೋಣಿ ನೆಟ್ಟಗೆ ನಿಲ್ಲಲೆಂದು, ಒಡಲೊಳಗೆ ಹಾಕಿದ ಸೀಸದ ಗುಂಡುಗಳು ದೋಣಿ ಗಾಳಿಗೆ ವಾಲಿದೊಡನೆ ಒಂದೇ ಪಕ್ಕಕ್ಕೆ ಉರುಳಿ ಅದನ್ನು ಇನ್ನಷ್ಟು ಕೆಡವುತ್ತಿವೆ, ಅವುಗಳ ಮೇಲೆ ಮರಕ್ಕೆ ಬಳಸುವ ಬಿಳಿ ಅಂಟನ್ನು ಸುರಿದುಬಿಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಎರಡು ದ್ರವಗಳನ್ನು ಬೆರೆಸಿದಾಗ ಗಟ್ಟಿಯಾಗುವ ಎಪಾಕ್ಸಿ ಅಂಟನ್ನು ಬಳಸಿ, ಅದನ್ನೂ ಕೆಲಸದ ಕಟ್ಟಕಡೆಯಲ್ಲಿ ಬಳಸಿ.

ಬಿಳಿ ಅಂಟಿನ ತಪ್ಪನ್ನು ನಾನೇ ಮಾಡಿದ್ದೇನೆ. ಅಂಟು ಒಣಗಿದಾಗ ಗುಂಡುಗಳು ಕಲ್ಲಿನಂತೆ ಕೂತವು, ದೋಣಿಯೂ ಒಂದು ವರ್ಷ ಚೆನ್ನಾಗಿ ತೇಲಿತು; ಮರುವರ್ಷ ಕಪಾಟಿನಿಂದ ಹೊರತೆಗೆದಾಗ ಕೀಲಿನ (ದೋಣಿಯ ತಳದ ಉದ್ದನೆಯ ನಡುದಿಮ್ಮಿಯ) ಇಕ್ಕೆಲದ ಹಲಗೆಗಳು ಬಾಯಿಬಿಟ್ಟು, ಸಂದುಗಳಿಂದ ಬಿಳಿಯ ಹಿಟ್ಟು ಉದುರುತ್ತಿತ್ತು. ಆ ಅಂಟು ಪಾಲಿವಿನೈಲ್ ಅಸಿಟೇಟಿನದು. ಅದರಿಂದ ಹನಿಹನಿಯಾಗಿ ಹೊರಬರುವ ಅಸಿಟಿಕ್ ಆಮ್ಲವು, ಅಂದರೆ ವಿನೆಗರಿನಲ್ಲಿರುವ ಹುಳಿಯು, ತೇವ ಮತ್ತು ಗಾಳಿಯ ಜೊತೆಗೂಡಿ ಸೀಸವನ್ನು ಕಾರ್ಬೊನೇಟಾಗಿ ಮಾರ್ಪಡಿಸುತ್ತದೆ, ಹಾಗೆ ಹುಟ್ಟಿದ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹಿಂದಿನ ಕಾಲದಲ್ಲಿ ಬಣ್ಣಕ್ಕೆ ಬೇಕಾದ ಸೀಸದ ಬಿಳುಪನ್ನು ತಯಾರಿಸುತ್ತಿದ್ದುದೂ ಸೀಸವನ್ನು ವಿನೆಗರಿನ ಆವಿಗೆ ಒಡ್ಡಿಯೇ. ನಾನು ಅರಿಯದೆ ಅದೇ ಕಾರ್ಖಾನೆಯನ್ನು ದೋಣಿಯ ಹೊಟ್ಟೆಯಲ್ಲಿ ತೆರೆದಿದ್ದೆ. ವಿನೆಗರಿನ ವಾಸನೆ ಬರುವ ಸಿಲಿಕೋನ್ ಅಂಟನ್ನು ದೂರವಿಡಬೇಕಾದುದೂ ಇದೇ ಕಾರಣಕ್ಕೆ.

ಅಂಟಿಸುವ ಮೊದಲು ಭಾರದ ಜಾಗ ಗೊತ್ತಾಗಬೇಕು. ಹಾಯಿ, ಹಾಯಿಗಂಬ, ಚುಕ್ಕಾಣಿಯನ್ನು ತಿರುಗಿಸುವ ಪುಟ್ಟ ಮೋಟಾರು (ಸರ್ವೋ), ರೇಡಿಯೊ ಸಂಕೇತ ಹಿಡಿಯುವ ರಿಸೀವರ್, ಬ್ಯಾಟರಿ ಎಲ್ಲವನ್ನೂ ಅವುಗಳ ಜಾಗದಲ್ಲಿಟ್ಟು, ಗುಂಡುಗಳನ್ನು ಸಣ್ಣ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ, ದೋಣಿಯನ್ನು ನೀರಿನ ತೊಟ್ಟಿಯಲ್ಲಿ ತೇಲಿಸಿ. ನೀವು ಗುರುತಿಸಿದ ಜಲರೇಖೆಯವರೆಗೆ ಅದು ಮುಂದೆ, ಹಿಂದೆ, ಎಡಬಲಗಳಲ್ಲಿ ಸಮನಾಗಿ ಮುಳುಗುವ ತನಕ ಚೀಲಗಳನ್ನು ಸರಿಸುತ್ತ, ಕೂಡಿಸುತ್ತ, ಕಳೆಯುತ್ತ ಹೋಗಿ. ಭಾರವು ಆದಷ್ಟು ಕೆಳಗೆ, ಆದಷ್ಟು ನಡುಭಾಗದಲ್ಲಿರಲಿ, ಏಕೆಂದರೆ ಎರಡು ತುದಿಗಳಲ್ಲಿ ಹಂಚಿದ ಭಾರದಿಂದ ದೋಣಿ ಅಲೆಗಳ ಮೇಲೆ ಮೂತಿ ಎತ್ತಿ ಕುಕ್ಕುತ್ತದೆ. ಎಪಾಕ್ಸಿಯ ತೂಕವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ: 1 ಕೆ.ಜಿ. ಗುಂಡುಗಳ ನಡುವಿನ ಸಂದನ್ನು ಪೂರ್ತಿ ತುಂಬಲು ಸುಮಾರು 60 ಗ್ರಾಂ ಬೇಕಾಗುತ್ತದೆ. ಗುಂಡುಗಳ ಬದಲು ಸೀಸದ ತಗಡನ್ನು ಕತ್ತರಿಸಿ ಪೇರಿಸಲು ನಿಮ್ಮ ಒಡಲಿನ ಆಕಾರ ಅವಕಾಶ ಕೊಟ್ಟರೆ ಅದೇ ಉತ್ತಮ, ಗುಂಡುಗಳ ರಾಶಿಯಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಜಾಗ ಬರಿಯ ಸಂದು.

ಇನ್ನು ಕೂರಿಸುವ ಕೆಲಸ. ಒಳಮೈಯನ್ನು ಒರಟು ಉಪ್ಪುಕಾಗದದಿಂದ ಉಜ್ಜಿ, ಧೂಳು ಒರೆಸಿ, ಮೊದಲು ಬರಿಯ ಎಪಾಕ್ಸಿಯ ಒಂದು ತೆಳುವಾದ ಪದರವನ್ನು ಬಳಿದು ಮರವನ್ನು ಮುಚ್ಚಿ. ಏನೂ ಬಳಿಯದ ಮರದ ಮೇಲೆ ನೇರವಾಗಿ ಸೀಸವಿಟ್ಟರೆ ಅಡಿಯಲ್ಲಿ ಸಿಕ್ಕಿಕೊಂಡ ನೀರು ಹಲಗೆಯನ್ನು ಕೊಳೆಸುತ್ತದೆ. ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿ ಇಲ್ಲಿ ಕೆಲಸಕ್ಕೆ ಬಾರದು, ಅದು ಗುಂಡುಗಳ ಸಂದಿಗೆ ಇಳಿಯುವ ಮೊದಲೇ ಬಿಗಿದುಕೊಳ್ಳುತ್ತದೆ. ನಿಧಾನವಾಗಿ ಗಟ್ಟಿಯಾಗುವುದನ್ನೇ ತಂದು, ಸುಮಾರು ಒಂದು ಸೆಂಟಿಮೀಟರ್ ದಪ್ಪದ ಪದರಗಳಲ್ಲಿ, ಹಿಂದಿನ ಪದರದ ಕಾವು ಇಳಿದ ಮೇಲೆಯೇ ಮುಂದಿನದನ್ನು ಸುರಿಯಿರಿ. ಒಮ್ಮೆಗೇ ಸುರಿದ ರಾಶಿ ತನ್ನ ಬಿಸಿಯಿಂದಲೇ ಹೊಗೆಯಾಡಬಹುದು. ಸುರಿಯುವಾಗಲೂ ಆಮೇಲೂ ಒಡಲು ಸಮತಟ್ಟಾಗಿ ನಿಂತಿರಬೇಕು, ಇಲ್ಲದಿದ್ದರೆ ತೊಟ್ಟಿಯ ಮುಂದೆ ಕಳೆದ ಹೊತ್ತೆಲ್ಲ ವ್ಯರ್ಥ.

ಸೀಸವನ್ನು ಕರಗಿಸಿ ನೇರವಾಗಿ ಒಡಲಿಗೆ ಸುರಿಯುವ ಆಲೋಚನೆಯಿದ್ದರೆ ಬಿಟ್ಟುಬಿಡಿ: ಅದು ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಮರ ಸುಟ್ಟುಹೋಗುತ್ತದೆ, ಒಂದು ಹನಿ ನೀರಿದ್ದರೂ ಲೋಹ ಮುಖಕ್ಕೆ ಸಿಡಿಯುತ್ತದೆ. ಗುಂಡುಗಳನ್ನು ಮುಟ್ಟಿದ ಮೇಲೆ ಕೈ ತೊಳೆಯುವುದನ್ನು ಮರೆಯಬೇಡಿ.

ಎಲ್ಲ ಭಾರವನ್ನೂ ಶಾಶ್ವತವಾಗಿ ಅಂಟಿಸಬೇಡಿ. ಹತ್ತರಲ್ಲೊಂದು ಪಾಲನ್ನು ಚೀಲದಲ್ಲೇ ಉಳಿಸಿಕೊಂಡು, ಗಟ್ಟಿಯಾದ ರಾಶಿಯ ಮೇಲೆ ಇಟ್ಟು, ಎರಡು ಪಕ್ಕೆಗಳ ನಡುವೆ ಅಡ್ಡಪಟ್ಟಿಯೊಂದನ್ನು ಸ್ಕ್ರೂ ಹಾಕಿ ಬಿಗಿಯಿರಿ. ಮುಂದೆ ನೀವು ಹಾಯಿಯನ್ನೋ ಬ್ಯಾಟರಿಯನ್ನೋ ಬದಲಿಸಿದಾಗ ಆ ಪಟ್ಟಿ ಬಿಚ್ಚಿ ಚೀಲವನ್ನು ಎರಡು ಬೆರಳಗಲ ಹಿಂದಕ್ಕೋ ಮುಂದಕ್ಕೋ ಸರಿಸಿದರೆ ಸಾಕು.