ಸ್ಟುಟ್‌ಗಾರ್ಟ್‌ಗೆ ಓದಲು ಹೊರಟ ಹಳೇ ಗೆಳೆಯನಿಗೆ

ಮಾರಾಯ, ನಿನ್ನ ಮೆಸೇಜ್ ನೋಡಿ ನಗು ಬಂತು, ಖುಷಿಯೂ ಆಯಿತು. ವಿಟಿಯು ರಿಸಲ್ಟ್ ಬರುವ ರಾತ್ರಿ ಸೈಟು ತೆರೆಯದೆ ಒದ್ದಾಡುತ್ತಾ, ಆಗಿನ ಫೇಸ್‌ಬುಕ್ ಥರದ ಆರ್ಕುಟ್‌ನಲ್ಲಿ ಸ್ಕ್ರ್ಯಾಪ್ ಮೇಲೆ ಸ್ಕ್ರ್ಯಾಪ್ ಹಾಕಿಕೊಂಡು ಕೂತಿದ್ದವರು ನಾವು. ಆರ್ಕುಟ್ 2014ರಲ್ಲಿ ಬಾಗಿಲು ಹಾಕಿತು. ನಾವಿಬ್ಬರು ಮಾತ್ರ ಇವತ್ತಿನವರೆಗೂ ಎದುರಾಬದುರು ಕೂತು ಒಂದು ಕಾಫಿ ಕುಡಿದಿಲ್ಲ. ಈಗ ನೋಡಿದರೆ ನೀನು ನಾನಿರುವ ಊರಿಗೇ ಹೊರಟಿದ್ದೀಯ.

ನೀನು ಕೇಳಿದ್ದು ಇಷ್ಟು ಅಲ್ವಾ? ಜರ್ಮನಿಯ ಸ್ಟುಟ್‌ಗಾರ್ಟ್ ಯೂನಿವರ್ಸಿಟಿಯಲ್ಲಿ ಇಂಗ್ಲಿಷಿನಲ್ಲಿ ನಡೆಯುವ ಮಾಸ್ಟರ್ಸ್‌ಗೆ ಸೀಟು ಸಿಕ್ಕಿದೆ. ವಯಸ್ಸು 34. ಬೆಂಗಳೂರಿನ ಕೆಲಸ ಬಿಟ್ಟು ಬಂದು ಸಣ್ಣ ಹುಡುಗರ ಮಧ್ಯೆ ಕೂತು ಓದೋಕಾಗುತ್ತಾ, ದುಡ್ಡು ಎಷ್ಟು ಬೇಕು, ಮನೆಯವರನ್ನು ಜೊತೆಗೇ ಕರೆದುಕೊಂಡು ಬರಲಾ, ಓದು ಮುಗಿದ ಮೇಲೆ ಕೆಲಸ ಸಿಗುತ್ತಾ.

ವಯಸ್ಸಿನ ಬಗ್ಗೆ ಇಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಶಾಲೆ ಮುಗಿಸಿ ಮೂರು ವರ್ಷ ವರ್ಕ್‌ಶಾಪಿನಲ್ಲಿ ಕೆಲಸ ಕಲಿತು, ಆಮೇಲೆ ಯೂನಿವರ್ಸಿಟಿಗೆ ಬಂದವರಿರುತ್ತಾರೆ. ಮಗುವನ್ನು ಡೇ ಕೇರ್‌ಗೆ ಬಿಟ್ಟು ಕ್ಲಾಸಿಗೆ ಓಡಿ ಬರುವವರಿರುತ್ತಾರೆ. ವಯಸ್ಸು ಲೆಕ್ಕಕ್ಕೆ ಬರುವುದು ಆರೋಗ್ಯ ವಿಮೆಯಲ್ಲಿ. 30 ದಾಟಿದವರಿಗೆ ಸರ್ಕಾರಿ ವಿಮೆಯ ವಿದ್ಯಾರ್ಥಿ ದರ ಇಲ್ಲ. ಭಾರತದಿಂದ ಹೊಸದಾಗಿ ಬರುವವರು ಸಾಮಾನ್ಯವಾಗಿ ಖಾಸಗಿ ವಿಮೆಯನ್ನೇ ಮಾಡಿಸಬೇಕಾಗುತ್ತದೆ. ಏಜೆಂಟರು ಟ್ರಾವೆಲ್ ಇನ್ಶೂರೆನ್ಸ್ ಥರದ ಅಗ್ಗದ ಪಾಲಿಸಿ ತಲೆಗೆ ಕಟ್ಟಲು ನೋಡುತ್ತಾರೆ. ಅಡ್ಮಿಷನ್‌ಗೆ, ಮುಂದೆ ವೀಸಾ ವಿಸ್ತರಣೆಗೆ ಅದು ನಡೆಯುತ್ತದಾ ಅಂತ ಯೂನಿವರ್ಸಿಟಿಗೆ ಮೇಲ್ ಹಾಕಿ ಕೇಳು, ಉತ್ತರ ಬಂದ ಮೇಲೇ ದುಡ್ಡು ಕಟ್ಟು.

ನೀನು ಹೆದರಬೇಕಾದ್ದು ಬೇರೆ ಇದೆ. ಇಲ್ಲಿ ಯಾರೂ ನಿನ್ನ ಬೆನ್ನು ಹತ್ತುವುದಿಲ್ಲ. ನಮ್ಮ ಬಿಇ ನೆನಪಿದೆಯಲ್ಲ? 25 ಮಾರ್ಕ್ಸಿನ ಇಂಟರ್ನಲ್ಸ್, 85% ಅಟೆಂಡೆನ್ಸ್, ಲ್ಯಾಬ್ ರೆಕಾರ್ಡಿಗೆ ಸಹಿ, ಶಾರ್ಟೇಜ್ ಬಂದರೆ ಅಪ್ಪನನ್ನು ಕರೆದುಕೊಂಡು ಬಾ ಅನ್ನುವ ಎಚ್‌ಒಡಿ. ನಾವು ಬೈದುಕೊಂಡೇ ಇದ್ದೆವು, ಆದರೂ ಆ ವ್ಯವಸ್ಥೆ ನಮ್ಮನ್ನು ಹೇಗೋ ದಡ ಮುಟ್ಟಿಸಿತು. ಇಲ್ಲಿ ಅಕ್ಟೋಬರ್ ಮಧ್ಯದಲ್ಲಿ ಕ್ಲಾಸು ಶುರು, ಫೆಬ್ರವರಿ ಹೊತ್ತಿಗೆ ಮುಗಿಯುತ್ತದೆ. ಹೆಚ್ಚಿನ ಕ್ಲಾಸುಗಳಲ್ಲಿ ಹಾಜರಿ ಕೂಗುವುದಿಲ್ಲ. ಎಷ್ಟೋ ವಿಷಯಗಳಲ್ಲಿ ಇಡೀ ಸೆಮಿಸ್ಟರಿನ ಗ್ರೇಡು ಕೊನೆಯ ಒಂದೇ ಪರೀಕ್ಷೆಯ ಮೇಲೆ ನಿಂತಿರುತ್ತದೆ. ಆ ಪರೀಕ್ಷೆಗೂ ನೀನೇ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಅದಕ್ಕೆ ಸೆಮಿಸ್ಟರ್ ನಡುವೆ ಕೆಲವೇ ವಾರ ಅವಕಾಶ. ಅದು ತಪ್ಪಿತೋ, ಇಡೀ ಪುಸ್ತಕ ಬಾಯಿಗೆ ಬಂದರೂ ಪರೀಕ್ಷೆ ಬರೆಯುವ ಹಾಗಿಲ್ಲ. ಫೈನ್ ಕಟ್ಟಿ ಕೊನೇ ದಿನ ಫಾರ್ಮ್ ತುಂಬುವ ನಮ್ಮ ಚಾಳಿ ಇಲ್ಲಿ ನಡೆಯುವುದಿಲ್ಲ.

ಫೇಲಾದರೂ ಅಷ್ಟೇ. ಎಷ್ಟು ಸಲ ಬರೆಯಬಹುದು ಅನ್ನುವುದಕ್ಕೆ ಮಿತಿ ಇದೆ. ಕಡ್ಡಾಯ ವಿಷಯದಲ್ಲಿ ಕೊನೆಯ ಅವಕಾಶವೂ ಕೈತಪ್ಪಿದರೆ ಕೋರ್ಸಿನಿಂದಲೇ ಹೊರಗೆ. ಅದೇ ವಿಷಯವನ್ನು ಜರ್ಮನಿಯ ಬೇರೆ ಯೂನಿವರ್ಸಿಟಿಗೆ ಹೋಗಿ ಓದುತ್ತೇನೆ ಅಂದರೂ ಕಷ್ಟ. ನಾಲ್ಕು ಬ್ಯಾಕ್ ಇಟ್ಟುಕೊಂಡು ಆರಾಮಾಗಿ ಓಡಾಡಿದ ನಿನಗೆ ಇದನ್ನು ಒತ್ತಿ ಹೇಳಲೇಬೇಕು. ನಿನ್ನ ಕೋರ್ಸಿನ ಪರೀಕ್ಷಾ ನಿಯಮಾವಳಿ ಯೂನಿವರ್ಸಿಟಿ ಸೈಟಿನಲ್ಲೇ ಸಿಗುತ್ತದೆ. ಜರ್ಮನ್‌ನಲ್ಲಿದ್ದರೂ ಪರವಾಗಿಲ್ಲ, ಅನುವಾದ ಮಾಡಿಸಿಕೊಂಡು ಬರುವ ಮುಂಚೆಯೇ ಒಮ್ಮೆ ಪೂರ್ತಿ ಓದು. ಗ್ರೇಡು ನಮ್ಮದಕ್ಕೆ ಉಲ್ಟಾ: 1.0 ಅಂದರೆ ಎಲ್ಲಕ್ಕಿಂತ ಒಳ್ಳೆಯದು, 4.0 ಪಾಸು, 5.0 ಫೇಲು.

ಲೆಕ್ಚರ್ ಜೊತೆಗೆ ಊಬುಂಗ್ ಅಂತ ಲೆಕ್ಕ ಬಿಡಿಸುವ ಕ್ಲಾಸು ಇರುತ್ತದೆ. ಹೆಚ್ಚಾಗಿ ಪಿಎಚ್‌ಡಿ ಮಾಡುತ್ತಿರುವ ಅಸಿಸ್ಟೆಂಟ್ ತೆಗೆದುಕೊಳ್ಳುತ್ತಾರೆ. ಲೆಕ್ಚರ್ ತಪ್ಪಿಸಿದರೂ ಇದನ್ನು ತಪ್ಪಿಸಬೇಡ, ಪರೀಕ್ಷೆಯ ಪ್ರಶ್ನೆಗಳ ಜಾಡು ಸಿಗುವುದು ಅಲ್ಲೇ. ಹಳೇ ಪ್ರಶ್ನೆಪತ್ರಿಕೆ ಬೇಕಾದರೆ ನಿನ್ನ ವಿಭಾಗದ ವಿದ್ಯಾರ್ಥಿ ಸಂಘವನ್ನು ಕೇಳು. ಅದಕ್ಕೆ ಫಾಖ್‌ಶಾಫ್ಟ್ ಅನ್ನುತ್ತಾರೆ. ನಮ್ಮ ಕಡೆಯ ಕಾಲೇಜುಗಳ ಎದುರಿನ ಜೆರಾಕ್ಸ್ ಅಂಗಡಿಯ ಕೆಲಸವನ್ನು ಇಲ್ಲಿ ಇವರು ಮಾಡುತ್ತಾರೆ. ಮೊದಲ ಲೆಕ್ಚರ್ ಮುಗಿದಾಗ ಇಡೀ ಹಾಲ್ ಬೆರಳಗಂಟಿನಿಂದ ಡೆಸ್ಕ್ ಕುಟ್ಟುತ್ತದೆ, ಗಾಬರಿಯಾಗಬೇಡ. ಇವರ ಚಪ್ಪಾಳೆ ಅದು.

ಇಲ್ಲಿಯ ಪದ್ಧತಿಯಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದಿದೆ. ರಿಸಲ್ಟ್ ಬಂದ ಮೇಲೆ ಒಂದು ದಿನ ಗೊತ್ತುಮಾಡಿ, ನಿನ್ನ ಉತ್ತರಪತ್ರಿಕೆಯನ್ನು ನಿನ್ನ ಮುಂದೆಯೇ ಇಡುತ್ತಾರೆ. ನಾನು ಓದಿದ್ದು ಬೇರೆ ಊರಿನಲ್ಲಿ. ಅಲ್ಲಿ ಒಂದು ಸಲ ನನ್ನ ಪಕ್ಕದ ಟೇಬಲ್ಲಿನ ಹುಡುಗಿ ಹಾಳೆ ಹಾಳೆ ತಿರುವಿ, ಕೊನೆಯ ಪುಟದ ಹಿಂಬದಿಯಲ್ಲಿ ತಾನು ಬರೆದ ಉತ್ತರಕ್ಕೆ ಪಾಯಿಂಟೇ ಹಾಕಿಲ್ಲ ಅಂತ ಬೆರಳಿಟ್ಟು ತೋರಿಸಿದಳು. ಅಸಿಸ್ಟೆಂಟ್ ಓದಿ ನೋಡಿದ, ಪೆನ್ನು ತೆಗೆದ, ಅಲ್ಲೇ ಅಂಕ ಸೇರಿಸಿ ಸಹಿ ಹಾಕಿದ. ಐದು ನಿಮಿಷದ ಕೆಲಸ. ರೀವ್ಯಾಲ್ಯುಯೇಷನ್‌ಗೆ ದುಡ್ಡು ಕಟ್ಟಿ, ಮುಂದಿನ ಸೆಮಿಸ್ಟರ್ ಪರೀಕ್ಷೆ ಹತ್ತಿರ ಬರುವವರೆಗೂ ಕಾಯುತ್ತಿದ್ದ ನಮಗೆ ಇದು ಸಣ್ಣ ಮಾತಲ್ಲ. ಪಾಸಾಗಿದ್ದರೂ ಹೋಗಿ ನೋಡು.

ಇನ್ನು ದುಡ್ಡು. ಜರ್ಮನಿಯಲ್ಲಿ ಓದು ಪುಕ್ಕಟೆ ಅನ್ನುವ ಮಾತು ನಿನ್ನ ಪಾಲಿಗೆ ಪೂರ್ತಿ ನಿಜವಲ್ಲ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ 2017ರಿಂದ ಸೆಮಿಸ್ಟರಿಗೆ 1500 ಯೂರೋ ಫೀಸ್ ಇದೆ. ಎಲ್ಲರೂ ಕಟ್ಟುವ ಸೆಮಿಸ್ಟರ್ ಶುಲ್ಕ ಬೇರೆ. ವೀಸಾಕ್ಕೆ ಬ್ಲಾಕ್ಡ್ ಅಕೌಂಟ್‌ನಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಖಾತೆ) ವರ್ಷಕ್ಕೆ 11,904 ಯೂರೋ ಇಡಬೇಕು, ಅಂದರೆ ತಿಂಗಳಿಗೆ 992. ವಿದ್ಯಾರ್ಥಿ ಹಾಸ್ಟೆಲ್ ಸಿಕ್ಕಿದರೆ ಇದರಲ್ಲಿ ಬದುಕಬಹುದು. ಹೊರಗೆ ರೂಮು ಹಿಡಿದರೆ ಬಾಡಿಗೆಯೇ ಅರ್ಧ ತಿಂದುಹಾಕುತ್ತದೆ, ಜೊತೆಗೆ ಮೂರು ತಿಂಗಳವರೆಗಿನ ಬಾಡಿಗೆ ಅಡ್ವಾನ್ಸ್ ಕೇಳುತ್ತಾರೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವನಿಗೆ ಇದೇನು ದೊಡ್ಡದಲ್ಲ ಬಿಡು. ಆದರೆ 'ನಾನು ಈಗ ಲಂಡನ್‌ನಲ್ಲಿದ್ದೇನೆ, ದುಡ್ಡು ಕಳಿಸಿ, ಕೀಲಿ ಪಾರ್ಸೆಲ್ ಮಾಡುತ್ತೇನೆ' ಅನ್ನುವ ಮಾಲೀಕ ಸಿಕ್ಕರೆ ಅಲ್ಲೇ ಕೈಮುಗಿ. ಮೋಸಗಾರರು ಬಳಸುವ ಹಳೇ ದಾರಿ ಅದು. ರೂಮು ಸಿಕ್ಕ ಎರಡು ವಾರದೊಳಗೆ ಮಾಲೀಕರ ಪತ್ರ ಹಿಡಿದು ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಮಿಕ್ಕ ಸರ್ಕಾರಿ ಕೆಲಸ ಎಲ್ಲಕ್ಕೂ ಆ ಒಂದು ಹಾಳೆ ಬೇಕು.

ಇಲ್ಲಿಯ ಮನೆಗಳಲ್ಲಿ ಕೇರ್‌ವೋಖೆ ಅಂತ ಒಂದಿದೆ. ಒಂದು ದಿನ ಬಾಗಿಲ ಹಿಡಿಕೆಗೆ ಸಣ್ಣ ಫಲಕ ನೇತಾಡುತ್ತಿರುತ್ತದೆ. ಈ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನಿನ್ನದು ಅಂತ ಅರ್ಥ. ಕೆಲಸ ಮುಗಿಸಿ ಫಲಕವನ್ನು ಪಕ್ಕದ ಮನೆ ಬಾಗಿಲಿಗೆ ಹಾಕಬೇಕು. ಮೆಟ್ಟಿಲು ಮೊದಲೇ ಫಳಫಳ ಅನ್ನುತ್ತಿದೆ, ಏನು ಒರೆಸುವುದು ಅಂತ ಸುಮ್ನೆ ಕೂರಬೇಡ. ನಮ್ಮ ಕೆಳಗಿನ ಮನೆಯ ಅಜ್ಜಿ ಯಾರು ಮೂಲೆ ಬಿಟ್ಟಿದ್ದಾರೆ ಅಂತ ಕನ್ನಡಕ ಏರಿಸಿ ನೋಡುತ್ತಾರೆ. ಅದೇ ಅಜ್ಜಿ ನಾನು ಊರಿಗೆ ಹೋದಾಗ ನನ್ನ ಪಾರ್ಸೆಲ್ ಎಲ್ಲ ಎತ್ತಿಟ್ಟುಕೊಂಡಿರುತ್ತಾರೆ.

ಊಟಕ್ಕೆ ತೊಂದರೆ ಇಲ್ಲ. ಅಕ್ಕಿ, ತೊಗರಿಬೇಳೆ, ಕರಿಬೇವು ಎಲ್ಲ ಸಿಗುತ್ತದೆ. ಯೂನಿವರ್ಸಿಟಿಯ ಫಾಯಿಂಗನ್ ಕ್ಯಾಂಪಸ್ಸಿನ ಕ್ಯಾಂಟೀನಿನಲ್ಲಿ ವೆಜ್ ಊಟ ಇರುತ್ತದೆ. ಮೌಲ್ಟಾಶೆನ್ ಅನ್ನುವ ಇಲ್ಲಿಯ ತಿಂಡಿ ನೋಡೋಕೆ ಕಡುಬಿನ ಥರ, ಒಳಗೆ ಸಾಮಾನ್ಯವಾಗಿ ಮಾಂಸ. ಕೇಳಿ ತಗೋ. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ಹಾಲು ತಂದಿಟ್ಟುಕೋ. ಡಿಸೆಂಬರಿನಲ್ಲಿ ನಾಲ್ಕೂವರೆಗೇ ಕತ್ತಲೆ. ಮೊದಲ ಚಳಿಗಾಲ ಎಲ್ಲರಿಗೂ ಮಂಕು ಹಿಡಿಸುತ್ತದೆ, ಭಾನುವಾರ ನಮ್ಮ ಮನೆಗೆ ಬಾ.

ಮನೆಯವರನ್ನು ಮೊದಲ ದಿನವೇ ಕರೆತರಬೇಡ ಅನ್ನುವುದು ನನ್ನ ಅಭಿಪ್ರಾಯ. ಒಬ್ಬರ ಹಾಸ್ಟೆಲ್ ರೂಮಿನಲ್ಲಿ ಇಬ್ಬರು ಇರುವಂತಿಲ್ಲ, ಇಬ್ಬರಿಗೆ ಮನೆ ಹುಡುಕುವುದು ಈ ಊರಿನಲ್ಲಿ ದೊಡ್ಡ ತಲೆನೋವು. ಒಂದೆರಡು ಸೆಮಿಸ್ಟರ್ ಕಳೆಯಲಿ. ಸಂಗಾತಿ ವೀಸಾಕ್ಕೆ ಸಾಮಾನ್ಯವಾಗಿ ಎ1, ಅಂದರೆ ಮೊದಲ ಹಂತದ ಜರ್ಮನ್ ಕೇಳುತ್ತಾರೆ. ಅಷ್ಟರಲ್ಲಿ ಅವರು ಅದನ್ನು ಮುಗಿಸಬಹುದು. ಇಲ್ಲಿಗೆ ಬಂದ ಮೇಲೆ ಅವರಿಗೆ ಕೆಲಸ ಮಾಡುವ ಅನುಮತಿಯೂ ಇರುತ್ತದೆ.

ಕೆಲಸದ ಬಗ್ಗೆ ಸಕ್ಕರೆ ಸವರಿ ಹೇಳುವುದಿಲ್ಲ. ಈ ಊರಿನ ಹೊಟ್ಟೆಪಾಡು ಕಾರಿನ ಮೇಲೆ ನಿಂತಿದೆ. ಮರ್ಸಿಡಿಸ್, ಪೋರ್ಷೆ, ಬಾಷ್ ಎಲ್ಲ ಇಲ್ಲಿಯವೇ, ಕಾರು ಉದ್ಯಮ ಈಗ ಜನರನ್ನು ಕಡಿಮೆ ಮಾಡುತ್ತಿದೆ. ಓದುವಾಗ ನೀನು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಇರಲು ಬಿಡುತ್ತಾರೆ. ನಿನ್ನ ಅನುಭವಕ್ಕೆ ಬೆಲೆ ಇದೆ, ಆದರೆ ಜರ್ಮನ್ ಬಾರದಿದ್ದರೆ ಆ ಬೆಲೆ ಅರ್ಧಕ್ಕಿಳಿಯುತ್ತದೆ. ಕೋರ್ಸ್ ಇಂಗ್ಲಿಷಿನಲ್ಲಿ ಇದೆಯಲ್ಲ ಅಂತ ಜರ್ಮನ್ ಕಲಿಯದೆ ಎರಡು ವರ್ಷ ಕಳೆದವರು ಕೊನೆಗೆ ಇಂಟರ್‌ವ್ಯೂನಲ್ಲಿ ತಡವರಿಸುವುದನ್ನು ಜಾಸ್ತಿ ನೋಡಿದ್ದೇನೆ. ಇಂದಿರಾನಗರದಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಈ ತಿಂಗಳೇ ಸೇರು. ಬರುವ ಹೊತ್ತಿಗೆ ಎ2 ಆದರೂ ಆಗಿರಲಿ.

ಅಂದಹಾಗೆ, ಪದಬಂಧ ಬಿಡಿಸುವಾಗ ಕಿಟ್ಟೆಲ್ ನಿಘಂಟು ತಿರುವಿ ಹಾಕುತ್ತಿದ್ದವನು ನೀನೇ ಅಲ್ವಾ? 1894ರಲ್ಲಿ ಆ ನಿಘಂಟು ಬಂದ ಮೇಲೆ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಟ್ಯೂಬಿಂಗನ್ ಯೂನಿವರ್ಸಿಟಿ. 1903ರಲ್ಲಿ ಅವರು ತೀರಿಕೊಂಡದ್ದೂ ಆ ಊರಿನಲ್ಲೇ. ಇಲ್ಲಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. 1843ರಲ್ಲಿ 'ಮಂಗಳೂರು ಸಮಾಚಾರ' ಶುರು ಮಾಡಿದ ಮೋಗ್ಲಿಂಗ್ ಕೊನೆಯುಸಿರೆಳೆದದ್ದು ಎಸ್‌ಲಿಂಗನ್‌ನಲ್ಲಿ. ಅದು ಇನ್ನೂ ಹತ್ತಿರ, ಎಸ್-ಬಾನ್ ಅನ್ನುವ ಲೋಕಲ್ ರೈಲು ಹತ್ತಿದರೆ ಆಯಿತು. ಒಂದು ಶನಿವಾರ ಎರಡೂ ಊರು ಸುತ್ತಿ ಬರೋಣ. ಸ್ಟುಟ್‌ಗಾರ್ಟಿನ ಹೊಸ ರೈಲ್ವೆ ಸ್ಟೇಷನ್ ಕೆಲಸ 2010ರಿಂದ ನಡೆಯುತ್ತಿದೆ, ಉದ್ಘಾಟನೆ ಮುಂದೂಡುತ್ತಲೇ ಬಂದಿದ್ದಾರೆ. ಬೆಂಗಳೂರಿನವನಿಗೆ ಅದರಲ್ಲಿ ಹೊಸತೇನೂ ಕಾಣಲಿಕ್ಕಿಲ್ಲ.

ಸೆಪ್ಟೆಂಬರ್ ಮಧ್ಯಕ್ಕೇ ಬಂದುಬಿಡು, ಕ್ಲಾಸು ಶುರುವಾಗುವುದರೊಳಗೆ ಕಾಗದಪತ್ರದ ಕೆಲಸ ಮುಗಿಯುತ್ತದೆ. ಫ್ರಾಂಕ್‌ಫರ್ಟ್‌ವರೆಗೆ ವಿಮಾನ, ಅಲ್ಲಿಂದ ರೈಲು. ಸ್ಟೇಷನ್ನಿಗೆ ನಾನು ಬರುತ್ತೇನೆ, ಪ್ರೊಫೈಲ್ ಫೋಟೋ ಮಾತ್ರ ಹೊಸದು ಹಾಕು ಮಾರಾಯ, ಆ ಹಳೇ ಕೂಲಿಂಗ್ ಗ್ಲಾಸ್ ಫೋಟೋದಲ್ಲಿ ಗುರುತು ಸಿಗುವುದಿಲ್ಲ. ಹಾಸ್ಟೆಲ್‌ಗೆ ಅರ್ಜಿ ಹಾಕಿದ್ದೀಯಾ ಇಲ್ವಾ? ಮೊದಲು ಅದನ್ನು ಹೇಳು.