ಓದುಗರ ಪ್ರಶ್ನೆ: ಸ್ವರಾತ್ಮ ಮತ್ತು ಬೆಂಗಳೂರಿನ ರಾಕ್ ತಂಡಗಳು

ಪ್ರಶ್ನೆ: ಸಿ. ಅಶ್ವತ್ಥ್ ಅವರ ಕಂಠದಲ್ಲಿ ಶರೀಫರ ಪದಗಳನ್ನು ಕೇಳುತ್ತ ಬೆಳೆದವನು ನಾನು. ಈಗ ಮನೆಯಲ್ಲಿ ಮಗಳು ‘ಸ್ವರಾತ್ಮ’ ಎಂಬ ನಮ್ಮೂರಿನ ತಂಡದ ಹಾಡುಗಳನ್ನು ಹಾಕುತ್ತಾಳೆ. ಪಿಟೀಲಿದೆ, ಜನಪದದ ಧಾಟಿಯೂ ಇದೆ, ಆದರೆ ಡ್ರಮ್ಸ್ ಮತ್ತು ಗಿಟಾರ್ ಜೋರಾಗಿಯೇ ಇವೆ. ಇದನ್ನು ಜನಪದ ಎನ್ನಬೇಕೋ ರಾಕ್ ಎನ್ನಬೇಕೋ? ತಂಡದಲ್ಲಿ ಯಾರಿದ್ದಾರೆ, ಅವರ ಮೇಲೆ ಯಾವ ಸಂಗೀತದ ಪ್ರಭಾವವಿದೆ?
— ರಾಜಾಜಿನಗರದ ಓದುಗರು

ಉತ್ತರ: ರಾಕ್ ಎಂದೇ ಕರೆಯೋಣ. ಹಾಡಿನ ಧಾಟಿ ಎಲ್ಲಿಂದ ಬಂದಿದ್ದರೂ ಅದರ ಮೈಕಟ್ಟು ನಿಂತಿರುವುದು ಡ್ರಮ್ಸ್, ಬೇಸ್ ಗಿಟಾರ್ ಮತ್ತು ಎಲೆಕ್ಟ್ರಿಕ್ ಗಿಟಾರ್‌ಗಳ ಮೇಲೆ. ಅಶ್ವತ್ಥರ ಸುಗಮ ಸಂಗೀತದಲ್ಲಿ ವಾದ್ಯಗಳು ಗಾಯಕನ ಹಿಂದೆ ನಿಂತು ಸಾಹಿತ್ಯಕ್ಕೆ ದಾರಿ ಬಿಡುತ್ತವೆ. ಇಲ್ಲಿ ವಾದ್ಯಗಳಿಗೂ ಹಾಡುಗಾರನಷ್ಟೇ ಮಾತಿದೆ. ನಿಮ್ಮ ಕಿವಿಗೆ ಹೊಸತೆನಿಸಿದ್ದು ಈ ಸಮಪಾಲೇ ಇರಬೇಕು.

ತಂಡ 2002ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಅದರ ಮುಖ್ಯ ಗಾಯಕ ವಾಸು ದೀಕ್ಷಿತ್ ಮೈಸೂರಿನಲ್ಲಿ ಬೆಳೆದವರು, ಗಾಯಕ ರಘು ದೀಕ್ಷಿತ್ ಅವರ ತಮ್ಮ. ತಂಡದ ಹೆಸರನ್ನೇ ಹೊತ್ತ ಮೊದಲ ಆಲ್ಬಮ್ 2009ರಲ್ಲಿ ಬಂತು, ‘ಟೋಪಿವಾಲೆ’ 2012ರಲ್ಲಿ, ‘ರಾಹ್-ಎ-ಫಕೀರಾ’ 2018ರಲ್ಲಿ. ಎರಡನೆಯ ಆಲ್ಬಮ್ಮಿನ ಕಾಲದಲ್ಲಿ ಆರು ಮಂದಿ ಇದ್ದರು: ಹಾಡು ಮತ್ತು ಅಕೂಸ್ಟಿಕ್ ಗಿಟಾರ್‌ಗೆ ವಾಸು, ಬೇಸ್‌ಗೆ ಜಿಷ್ಣು ದಾಸ್‌ಗುಪ್ತಾ, ಲೀಡ್ ಗಿಟಾರ್‌ಗೆ ವರುಣ್ ಮುರಳಿ, ಪಿಟೀಲಿಗೆ ಸಂಜೀವ್ ನಾಯಕ್, ಡ್ರಮ್ಸ್‌ಗೆ ಮಾಂಟ್ರಿ ಮ್ಯಾನುಯೆಲ್, ಕೈವಾದ್ಯಗಳಿಗೆ ಪವನ್ ಕುಮಾರ್. ಮುಂದೆ ಸದಸ್ಯರು ಬದಲಾದರು. ಮಾಂಟ್ರಿ ‘ತಾಳವಟ್ಟಂ’ ಎಂಬ ಹೆಸರಿನಲ್ಲಿ, ಬಿಸಾಡಿದ ವಸ್ತುಗಳಿಂದಲೇ ತಾಳವಾದ್ಯಗಳನ್ನು ಮಾಡಿ ನುಡಿಸುವ ತಮ್ಮದೇ ಕೆಲಸವನ್ನು ಕಟ್ಟಿಕೊಂಡರು. ಆದರೂ ಸ್ವರಾತ್ಮದ ಧ್ವನಿಯ ಗುಟ್ಟು ತಿಳಿಯಬೇಕಾದರೆ ಆ ಆರು ಜನರ ಜೋಡಣೆಯನ್ನೇ ಗಮನಿಸಬೇಕು.

ತಾಳದ ಕೆಲಸವನ್ನು ಇಬ್ಬರು ಹಂಚಿಕೊಂಡಿರುವುದು ಇಲ್ಲಿ ಎದ್ದು ಕಾಣುವ ಸಂಗತಿ. ಡ್ರಮ್ಸ್ ನುಡಿಸುವವರು ನಾಲ್ಕರ ಎಣಿಕೆಯಲ್ಲಿ ಎರಡನೆಯ ಮತ್ತು ನಾಲ್ಕನೆಯ ಪೆಟ್ಟಿಗೆ ಒತ್ತು ಕೊಟ್ಟು ರಾಕ್‌ನ ನಡೆಯನ್ನು ಹಿಡಿದುಕೊಂಡರೆ, ಕೈವಾದ್ಯದವರು ಆ ಪೆಟ್ಟುಗಳ ನಡುವಿನ ಜಾಗವನ್ನು ಸಣ್ಣ ಸಣ್ಣ ಹೊಡೆತಗಳಿಂದ ತುಂಬುತ್ತಾರೆ. ಹೀಗಾಗಿ ಹಾಡು ಮೇಲ್ನೋಟಕ್ಕೆ ರಾಕ್‌ನ ಹೆಜ್ಜೆ ಹಾಕುತ್ತಿದ್ದರೂ ಒಳಗೆ ನಮ್ಮ ಮೇಳದ ನಡೆ ಓಡುತ್ತಲೇ ಇರುತ್ತದೆ. ಪಿಟೀಲು ಮತ್ತು ಲೀಡ್ ಗಿಟಾರ್‌ಗಳ ನಡುವೆಯೂ ಇಂಥದೇ ಒಪ್ಪಂದವಿದೆ. ಸ್ವರಸ್ಥಾನಗಳನ್ನು ಕಟ್ಟಿಡುವ ಮೆಟ್ಟಿಲಿಲ್ಲದ ಪಿಟೀಲು ಸ್ವರದಿಂದ ಸ್ವರಕ್ಕೆ ಜಾರಬಲ್ಲದು, ಗಿಟಾರ್ ಸ್ವರವನ್ನು ಗಟ್ಟಿಯಾಗಿ ನೆಡಬಲ್ಲದು, ಮತ್ತು ಒಳ್ಳೆಯ ಹಾಡುಗಳಲ್ಲಿ ಒಂದು ಮಾತಾಡುವಾಗ ಇನ್ನೊಂದು ಕೇಳಿಸಿಕೊಳ್ಳುತ್ತದೆ.

ಪ್ರಭಾವದ ವಿಚಾರದಲ್ಲಿ ನಿಮ್ಮ ಶರೀಫರು ದೂರದವರೇನಲ್ಲ. ವಾಸು ಅವರ ಅಣ್ಣನ 2008ರ ಆಲ್ಬಮ್ಮಿನಲ್ಲಿ ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’ ಎರಡೂ ಇವೆ. ಅಣ್ಣನ ಆ ಹಾಡುಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಶಿಶುನಾಳದ ಪದಗಳೂ ಗಿಟಾರೂ ಒಟ್ಟಿಗೆ ಆಡಿಕೊಂಡಿವೆ. ಭಾರತೀಯ ಧಾಟಿಯನ್ನು ರಾಕ್‌ನೊಳಗೆ ಸಹಜವಾಗಿ ಕೂರಿಸಬಹುದೆಂದು ದಿಲ್ಲಿಯ ‘ಇಂಡಿಯನ್ ಓಷನ್’ ತಂಡ ತೊಂಬತ್ತರ ದಶಕದಲ್ಲೇ ತೋರಿಸಿಕೊಟ್ಟಿತ್ತು, ಆ ದಾರಿ ಸ್ವರಾತ್ಮಕ್ಕೂ ಒದಗಿಬಂತು ಎಂಬುದು ನನ್ನ ಅಭಿಪ್ರಾಯ. ವೇದಿಕೆಯ ಮೇಲೆ ವಾಸು ಕುದುರೆಯ ವೇಷವನ್ನು ಸೊಂಟಕ್ಕೆ ಕಟ್ಟಿಕೊಂಡು ಕುಣಿಯುವುದನ್ನು ಕಂಡವರಿಗೆ ನಮ್ಮ ಜಾತ್ರೆಗಳ ಕೀಲುಕುದುರೆ ನೆನಪಾಗದೆ ಇರದು. ಬ್ರಿಟಿಷ್ ಕೌನ್ಸಿಲ್‌ನ ‘ಸೌಂಡ್‌ಪ್ಯಾಡ್’ ಯೋಜನೆಯಲ್ಲಿ ಆಯ್ಕೆಯಾದ ನಾಲ್ಕು ಭಾರತೀಯ ತಂಡಗಳಲ್ಲಿ ಸ್ವರಾತ್ಮವೂ ಒಂದು. ಆಗ ಅವರು ಇಂಗ್ಲೆಂಡಿನ ಹೆಸರಾಂತ ನಿರ್ಮಾಪಕ ಜಾನ್ ಲೆಕಿ ಅವರೊಡನೆ ಧ್ವನಿಮುದ್ರಣ ಮಾಡಿದರು.

ಮಗಳಿಗೆ ಮೊದಲ ಆಲ್ಬಮ್ಮಿನ ‘ಪ್ಯಾಸಿ’ ಹಾಕಲು ಹೇಳಿ. ಕಾವೇರಿಯ ಜಗಳವನ್ನು ನದಿಯ ಬಾಯಿಂದಲೇ ಹೇಳಿಸುವ ಹಾಡು ಅದು, ಮತ್ತು ಎರಡು ರಾಜ್ಯಗಳು ಬಡಿದಾಡುವಾಗ ನೀರೇ ಬಾಯಾರಿದೆ ಎನ್ನುವ ಧೈರ್ಯ ಬೆಂಗಳೂರಿನ ತಂಡವೊಂದಕ್ಕೆ ಸುಲಭವಾಗಿ ಬರುವಂಥದಲ್ಲ. ಹಾಡು ಹಿಂದಿಯಲ್ಲಿದೆ. ಅದೇ ಆಲ್ಬಮ್ಮಿನಲ್ಲಿ ‘ಈ ಭೂಮಿ’ ಎಂಬ ಕನ್ನಡ ಹಾಡೂ ಇದೆ.

ಪ್ರಶ್ನೆ: ನಾವು ಕಾಲೇಜಿನ ಗೆಳೆಯರು ಸೇರಿ ಒಂದು ಬ್ಯಾಂಡ್ ಕಟ್ಟಿದ್ದೇವೆ. ಪುರಂದರದಾಸರ ಪದವೊಂದನ್ನು ರಾಕ್ ಆಗಿ ಹಾಡಲು ಹೊರಟರೆ, ಗಿಟಾರ್ ಸೇರಿದ ಕೂಡಲೇ ರಾಗ ಮಾಯವಾಗುತ್ತದೆ. ಎಲ್ಲಿ ತಪ್ಪುತ್ತಿದ್ದೇವೆ?
— ಬನಶಂಕರಿಯ ವಿದ್ಯಾರ್ಥಿ

ಉತ್ತರ: ನಿಮ್ಮ ಗಿಟಾರಿಸ್ಟ್ ಬಹುಶಃ ಪ್ರತಿ ಸಾಲಿಗೂ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಬದಲಿಸುತ್ತಿದ್ದಾರೆ. ಕಾರ್ಡ್ ಬದಲಾದಾಗಲೆಲ್ಲ ಕಿವಿ ಹೊಸ ಸ್ವರವೊಂದನ್ನು ನೆಲೆಯೆಂದು ಹಿಡಿಯಲು ಹೋಗುತ್ತದೆ. ರಾಗಕ್ಕೋ ಕದಲದ ಷಡ್ಜವೊಂದು (ಆಧಾರದ ‘ಸ’) ಬೇಕೇ ಬೇಕು. ಇವೆರಡರ ಎಳೆದಾಟದಲ್ಲಿ ಹಾಡುಗಾರ ಸರಿಯಾಗಿಯೇ ಹಾಡಿದರೂ ಕೇಳುವವರಿಗೆ ರಾಗ ಚದುರಿಹೋದಂತೆ ಅನಿಸುತ್ತದೆ.

ಇದಕ್ಕೆ ಪರಿಹಾರ ರಾಕ್‌ನೊಳಗೇ ಇದೆ. ಪೂರ್ಣ ಕಾರ್ಡಿನಲ್ಲಿ ಷಡ್ಜ, ಗಾಂಧಾರ (‘ಗ’), ಪಂಚಮ (‘ಪ’) ಮೂರೂ ಇರುತ್ತವೆ; ಮೇಜರ್ ಆದರೆ ಎತ್ತರದ ಅಂತರ ಗಾಂಧಾರ, ಮೈನರ್ ಆದರೆ ಅದಕ್ಕಿಂತ ತಗ್ಗಿನ ಸಾಧಾರಣ ಗಾಂಧಾರ. ಅಂದರೆ ಗಾಂಧಾರ ಯಾವುದೆಂದು ಗಿಟಾರಿಸ್ಟ್ ಮೊದಲೇ ತೀರ್ಮಾನಿಸಿಬಿಟ್ಟಿರುತ್ತಾರೆ, ಗಾಯಕರಿಗೆ ಅದನ್ನು ಆಡಿಸಲು ಜಾಗವೇ ಉಳಿಯುವುದಿಲ್ಲ. ಪವರ್ ಕಾರ್ಡಿನಲ್ಲಿ ಇರುವುದು ಷಡ್ಜ ಮತ್ತು ಪಂಚಮ ಮಾತ್ರ. ತಂಬೂರಿಯಲ್ಲಿ ನಾವು ಮೀಟುವುದೂ ಸಾಮಾನ್ಯವಾಗಿ ಇವೆರಡನ್ನೇ ಅಲ್ಲವೆ? ಡಿಸ್ಟಾರ್ಷನ್ (ಧ್ವನಿಯನ್ನು ಬೇಕೆಂದೇ ಒರಟಾಗಿಸುವ ಉಪಾಯ) ಹಾಕಿದ ಗಿಟಾರಿನಲ್ಲಿ ಪೂರ್ಣ ಕಾರ್ಡ್ ಕಲಸಿಹೋಗುತ್ತದೆಂಬ ಕಾರಣಕ್ಕೆ ರಾಕ್ ಸಂಗೀತಗಾರರು ಪವರ್ ಕಾರ್ಡನ್ನು ನೆಚ್ಚಿಕೊಂಡರು. ಗಾಂಧಾರವಿಲ್ಲದ ಕಾರಣಕ್ಕೇ ಅದು ನಮ್ಮ ರಾಗಗಳಿಗೂ ಹೊಂದಿಕೊಂಡಿತು.

ಬೆಂಗಳೂರಿನ ‘ಅಗಂ’ ತಂಡವನ್ನು ಈ ಕಿವಿಯಿಂದ ಕೇಳಿ. 2003ರಲ್ಲಿ ಆರಂಭವಾದ ಈ ತಂಡದ ಹಾಡುಗಾರ ಹರೀಶ್ ಶಿವರಾಮಕೃಷ್ಣನ್ ಪಿಟೀಲನ್ನೂ ನುಡಿಸುತ್ತಾರೆ. 2012ರ ಅವರ ಮೊದಲ ಆಲ್ಬಮ್ಮಿನಲ್ಲಿ ತ್ಯಾಗರಾಜರ ‘ಬಂಟುರೀತಿ’ಯನ್ನು ಒಳಗೊಂಡ ಹಾಡೊಂದಿದೆ. ಅದರ ರಾಗ ಹಂಸನಾದ. ಆ ರಾಗದಲ್ಲಿ ಗಾಂಧಾರವೇ ಇಲ್ಲ! ಪವರ್ ಕಾರ್ಡಿನಲ್ಲೂ ಇಲ್ಲ. ಗಿಟಾರ್ ಎಷ್ಟು ಗಟ್ಟಿಯಾಗಿ ಮೊಳಗಿದರೂ ರಾಗಕ್ಕೆ ಅಡ್ಡ ಬರುವ ಭಯ ಕಡಿಮೆ. ಇದೇ ತಂಡ ಹಾಡುವ ಸ್ವಾತಿ ತಿರುನಾಳರ ಧನಾಶ್ರೀ ತಿಲ್ಲಾನದಲ್ಲಿ ಜತಿಗಳ (ತಾಳದ ಸೊಲ್ಲುಗಳ) ವೇಗಕ್ಕೆ ಡ್ರಮ್ಸ್ ಹೇಗೆ ಜೊತೆ ಕೊಡುತ್ತದೆ ಎಂಬುದನ್ನೂ ಗಮನಿಸಿ.

ಡಿಸ್ಟಾರ್ಷನ್‌ಗೆ ಹೆದರಬೇಡಿ. ಅದು ಸ್ವರದ ಏರಿಳಿತವನ್ನು ತಟ್ಟಿ ಸಮಮಾಡುವುದರಿಂದ ಮೀಟಿದ ಸ್ವರ ಬೇಗ ಅಡಗದೆ ನಾಗಸ್ವರದ ನಾದದಂತೆ ಉದ್ದಕ್ಕೆ ನಿಲ್ಲುತ್ತದೆ. ಹಾಗೆ ನಿಂತ ಸ್ವರದ ಮೇಲೆ, ತಂತಿಯನ್ನು ಎಳೆದು ಬಗ್ಗಿಸಿ, ಗಮಕಕ್ಕೆ ಹತ್ತಿರ ಹೋಗಲು ಸಾಧ್ಯ.

ತಾಳದ ಬಗ್ಗೆ ಒಂದು ಮಾತು. ನಿಮ್ಮ ಪದ ಆದಿತಾಳದಲ್ಲಿದ್ದರೆ ಎಂಟು ಅಕ್ಷರಗಳು ನಾಲ್ಕು ನಾಲ್ಕರ ಎರಡು ಅಳತೆಗಳಾಗಿ ಸಲೀಸಾಗಿ ಕೂರುತ್ತವೆ. ಮಿಶ್ರಚಾಪಿನಲ್ಲಿದ್ದರೆ ಡ್ರಮ್ಸ್‌ನವರು ಮೂರು ಮತ್ತು ನಾಲ್ಕರ ಏಳನ್ನು ಏಳಾಗಿಯೇ ಉಳಿಸಿಕೊಳ್ಳಬೇಕು, ಅನುಕೂಲಕ್ಕೆಂದು ಎಂಟು ಮಾಡಿದರೆ ದಾಸರ ಪದದ ನಡಿಗೆಯೇ ಕುಂಟುತ್ತದೆ. ಮೊದಲು ತಂಬೂರಿ ಮತ್ತು ಡ್ರಮ್ಸ್ ಮಾತ್ರ ಇಟ್ಟುಕೊಂಡು ಹಾಡಿ. ಆಮೇಲೆ ಬೇಸ್ ಬರಲಿ. ಗಿಟಾರ್ ಕೊನೆಗೆ.

ಪ್ರಶ್ನೆ: ಬೆಂಗಳೂರಿನ ತಂಡಗಳು ಇಂಗ್ಲಿಷ್, ಹಿಂದಿ, ಉರ್ದುವಿನಲ್ಲಿ ಹಾಡುತ್ತವೆ. ಕನ್ನಡ ರಾಕ್‌ಗೆ ಒಗ್ಗುವುದಿಲ್ಲವೆ?
— ಮಲ್ಲೇಶ್ವರದ ಓದುಗರು

ಉತ್ತರ: ಒಗ್ಗುತ್ತದೆ, ಮತ್ತು ಚೆನ್ನಾಗಿ ಒಗ್ಗುತ್ತದೆ ಎಂದು ನಾನು ನಂಬಿದ್ದೇನೆ. ತಂಡಗಳ ಭಾಷೆ ಅದರ ಸದಸ್ಯರ ಬದುಕಿನಿಂದ ಬರುತ್ತದೆ. ‘ಪರ್ವಾಜ್’ ತಂಡವನ್ನು 2010ರಲ್ಲಿ ಇಲ್ಲಿ ಕಟ್ಟಿದ ಖಾಲಿದ್ ಅಹಮದ್ ಮತ್ತು ಕಾಶಿಫ್ ಇಕ್ಬಾಲ್ ಕಾಶ್ಮೀರದವರು. ಅವರು ಉರ್ದು ಮತ್ತು ಕಾಶ್ಮೀರಿಯಲ್ಲಿ ಹಾಡುವುದು ಸಹಜ, 2014ರ ಅವರ ‘ಬಾರಾನ್’ ಈ ಊರು ಕೊಟ್ಟ ಅತ್ಯುತ್ತಮ ಆಲ್ಬಮ್ಮುಗಳಲ್ಲಿ ಒಂದು. 1996ರಿಂದ ನುಡಿಸುತ್ತಿರುವ ‘ಥರ್ಮಲ್ ಆ್ಯಂಡ್ ಎ ಕ್ವಾರ್ಟರ್’ ಇಂಗ್ಲಿಷಿನಲ್ಲಿ ಹಾಡುತ್ತದೆ. ಬ್ರೂಸ್ ಲೀ ಮಣಿ ಅವರ ಗಿಟಾರಿನಲ್ಲಿ ಬ್ಲೂಸ್ ಮತ್ತು ಜಾಝ್ ಬೆರೆತಿವೆ, ರಾಜೀವ್ ರಾಜಗೋಪಾಲ್ ಅವರ ಡ್ರಮ್ಸ್ ಮೊದಲಿನಿಂದಲೂ ಜೊತೆಗಿದೆ. ಆದರೂ 2012ರಲ್ಲಿ ಮೂರು ಡಿಸ್ಕ್‌ಗಳಲ್ಲಿ ಬಂದ ಅವರ ಆಲ್ಬಮ್ಮಿಗೆ ಆಟೊರಿಕ್ಷಾದ ಮೂರು ಚಕ್ರಗಳನ್ನು ನೆನಪಿಸುವ ಹೆಸರಿದೆ. ಅವರನ್ನು ಪರಕೀಯರೆನ್ನಲು ನನಗೆ ಮನಸ್ಸಾಗದು.

ಕನ್ನಡದ ಮಾತಿಗೆ ಬಂದರೆ, ನಮ್ಮ ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುತ್ತವೆ. ಸಾಲಿನ ಕೊನೆಯಲ್ಲಿ ಧ್ವನಿಯನ್ನು ಎತ್ತಿ ನಿಲ್ಲಿಸಬೇಕಾದ ರಾಕ್ ಗಾಯಕನಿಗೆ ಇದು ದೊಡ್ಡ ಅನುಕೂಲ. ಪದದ ಮೊದಲಲ್ಲಿ ಬರುವ ದೀರ್ಘಗಳೂ ಅಷ್ಟೇ: ‘ಸೋರುತಿಹುದು’ ಎನ್ನುವಾಗಿನ ‘ಸೋ’, ‘ಮಾಳಿಗಿ’ ಎನ್ನುವಾಗಿನ ‘ಮಾ’ ಎಷ್ಟು ಬೇಕಾದರೂ ಎಳೆಯಲು ಬರುತ್ತವೆ. ತೊಡಕಾಗುವುದು ಮಾತ್ರೆಗಳನ್ನು ಬಿಗಿಯಾಗಿ ಎಣಿಸಿ ಬರೆದ ಸಾಲುಗಳಲ್ಲಿ; ಅಲ್ಲಿ ಡ್ರಮ್ಸ್‌ನ ಒತ್ತು ಒಂದು ಕಡೆ, ಪದದ ಒತ್ತು ಇನ್ನೊಂದು ಕಡೆ ಬೀಳುತ್ತದೆ. ನಮ್ಮ ಹಳೆಯ ತ್ರಿಪದಿಯಾದರೋ ಅಂಶಗಣದ ಛಂದಸ್ಸು. ಅದರಲ್ಲಿ ಅಕ್ಷರವನ್ನು ಹಿಗ್ಗಿಸುವ, ಕುಗ್ಗಿಸುವ ಸ್ವಾತಂತ್ರ್ಯ ಹಾಡುವವರ ಬಾಯಲ್ಲಿದೆ. ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳು ಆ ಸ್ವಾತಂತ್ರ್ಯವನ್ನು ಕಲ್ಲಿನ ಸುತ್ತಿಗೆ ಹೊಂದಿಸಿಕೊಂಡರು. ಡ್ರಮ್ಸ್‌ನ ಸುತ್ತಿಗೂ ಅದನ್ನು ಹೊಂದಿಸಬಹುದು. ಕನ್ನಡದಲ್ಲಿ ಹೊಸದಾಗಿ ಬರೆಯುವ ತಂಡಗಳು ಸಿನಿಮಾ ಹಾಡಿನ ಸಾಲುಗಳನ್ನು ಬಿಟ್ಟು ಈ ಅಂಶಲಯದ ಕಡೆ ತಿರುಗಬೇಕೆಂಬುದು ನನ್ನ ಆಸೆ.

ಪ್ರಶ್ನೆ: ಜನಪದ, ಶಾಸ್ತ್ರೀಯ ಯಾವುದನ್ನೂ ಬೆರೆಸದೆ ಅಪ್ಪಟ ಹೆವಿ ಮೆಟಲ್ ನುಡಿಸುವ ತಂಡ ನಮ್ಮಲ್ಲಿದೆಯೆ?
— ಕೋರಮಂಗಲದ ಓದುಗರು

ಉತ್ತರ: ‘ಕ್ರಿಪ್ಟೋಸ್’ ಇದೆ. 1998ರಲ್ಲಿ ಆರಂಭವಾದ ಈ ತಂಡದ ಮುಂದಾಳು ನೋಲನ್ ಲೂಯಿಸ್. ಐರನ್ ಮೇಡನ್, ಜೂಡಸ್ ಪ್ರೀಸ್ಟ್‌ರಂಥ ಬ್ರಿಟಿಷ್ ತಂಡಗಳ ಜೋಡಿ ಗಿಟಾರ್ ಶೈಲಿಯ ಮೇಲೆ ಗೊಗ್ಗರು ಕಂಠವನ್ನು ಕೂರಿಸುವುದು ಅವರ ಕ್ರಮ. 2013ರಲ್ಲಿ ಜರ್ಮನಿಯ ವಾಕನ್ ಮೆಟಲ್ ಸಂಗೀತ ಉತ್ಸವದಲ್ಲಿ ನುಡಿಸಿದ ಮೊದಲ ಭಾರತೀಯ ತಂಡ ಅದು.

ಪ್ರಶ್ನೆ: ಇಂಥ ತಂಡಗಳನ್ನು ನೇರವಾಗಿ ಕೇಳಲು ಹೋದಾಗ ಸದ್ದಿನಲ್ಲಿ ಏನೂ ತಿಳಿಯುವುದಿಲ್ಲ. ಹೇಗೆ ಕೇಳಬೇಕು?
— ಬಸವನಗುಡಿಯ ಓದುಗರು

ಉತ್ತರ: ವೇದಿಕೆಯ ಮುಂದಿನ ಸಾಲಿಗೆ ಹೋಗಬೇಡಿ. ಧ್ವನಿ ಹೊಂದಿಸುವವರ ಮೇಜು ಸಭಾಂಗಣದ ನಡುವೆಯೋ ಹಿಂದೆಯೋ ಇರುತ್ತದೆ. ಅವರು ಸಮತೋಲ ನೋಡುವುದು ತಮ್ಮ ಕಿವಿಗೆ ಕೇಳಿಸಿದಂತೆ, ಆದ್ದರಿಂದ ಅದರ ಹತ್ತಿರ ನಿಂತರೆ ವಾದ್ಯಗಳು ಬಿಡಿಬಿಡಿಯಾಗಿ ಕೇಳುತ್ತವೆ. ಕಿವಿಗೆ ರಬ್ಬರ್ ಬಿರಡೆ ಹಾಕಿಕೊಳ್ಳಿ, ಅದರಿಂದ ಹಾಡು ಕೆಡುವುದಿಲ್ಲ. ಮೊದಲ ಹಾಡಿನಲ್ಲಿ ಬೇರೆಲ್ಲ ಬಿಟ್ಟು ಬೇಸ್ ಗಿಟಾರನ್ನು ಮಾತ್ರ ಹಿಂಬಾಲಿಸಿ. ಅದು ಸಿಕ್ಕಿದ ಮೇಲೆ ಡ್ರಮ್ಸ್ ತಾನಾಗಿ ಸಿಗುತ್ತದೆ, ಆಮೇಲೆ ಗಿಟಾರೂ ಪಿಟೀಲೂ.