ಕೇಳಿ–ತಿಳಿಯಿರಿ: ಮೆಜೆಸ್ಟಿಕ್ಕಿನ ರೈಲು ನಿಲ್ದಾಣ

ಪ್ರಶ್ನೆ: ದಂಡು (ಕಂಟೋನ್ಮೆಂಟ್) ನಿಲ್ದಾಣ ಇಷ್ಟು ಹತ್ತಿರ ಇರುವಾಗ ಬೆಂಗಳೂರಿಗೆ ಸಿಟಿ ನಿಲ್ದಾಣ ಬೇರೆ ಯಾಕೆ ಬೇಕಾಯಿತು?

ಉತ್ತರ: ಆಗ ಊರುಗಳೇ ಎರಡು. ಮದ್ರಾಸ್ ರೈಲ್ವೆ 1864ರಲ್ಲಿ ಜೋಲಾರ್‌ಪೇಟೆಯಿಂದ ಹಳಿ ತಂದದ್ದು ಬ್ರಿಟಿಷರ ದಂಡಿಗೆ. ಪೇಟೆ ಮೈಸೂರು ಸಂಸ್ಥಾನದ್ದು. 1876–78ರ ಬರದ ಬಳಿಕ ಸಂಸ್ಥಾನ ತನ್ನದೇ ಮೈಸೂರು ಮಾರ್ಗ ಹಾಕಿತು, ಅದರ ನಿಲ್ದಾಣವೇ ಈ ಸಿಟಿ. ಮಾರ್ಗ 1882ರಲ್ಲಿ ಮೈಸೂರು ಮುಟ್ಟಿತು. ಖರ್ಚು ಉಳಿಸಲು ಆರಿಸಿದ್ದು ಮೀಟರ್ ಗೇಜ್, ಅಂದರೆ 1000 ಮಿ.ಮೀ. ಮದ್ರಾಸಿನ ಬ್ರಾಡ್‌ಗೇಜ್ ಹಳಿಯ ಅಗಲ 1676 ಮಿ.ಮೀ. ಒಂದರ ಗಾಡಿ ಇನ್ನೊಂದರ ಮೇಲೆ ಓಡದು. ಆ ಕಾಲದ ಉಳಿತಾಯಕ್ಕೆ ನೂರು ವರ್ಷ ದಂಡ ತೆತ್ತೆವು ಎನ್ನಬಹುದು: ಜನ ಗಾಡಿ ಬದಲಿಸಬೇಕು, ಮೂಟೆಗಳನ್ನು ಇಳಿಸಿ ಮತ್ತೆ ಹೇರಬೇಕು. ಮೈಸೂರು ಮಾರ್ಗ ಬ್ರಾಡ್‌ಗೇಜ್ ಆದದ್ದು 1990ರ ದಶಕದಲ್ಲಿ.

ಪ್ರಶ್ನೆ: ನಿಲ್ದಾಣದ ಎದುರು ಕೆರೆ ಇತ್ತಂತೆ, ನಿಜವೇ?

ಉತ್ತರ: ನಿಜ. ಪೇಟೆಗೆ ನೀರುಣಿಸುತ್ತಿದ್ದ ಧರ್ಮಾಂಬುಧಿ ಕೆರೆ. ಈಗಿನ ಕೆಂಪೇಗೌಡ ಬಸ್ ನಿಲ್ದಾಣ ಅದರ ಅಂಗಳದಲ್ಲೇ ನಿಂತಿದೆ. ಟ್ಯಾಂಕ್ ಬಂಡ್ ರಸ್ತೆಯ ಹೆಸರಿನಲ್ಲಿ ಏರಿ ಉಳಿದಿದೆ. ‘ಮೆಜೆಸ್ಟಿಕ್’ ಮಾತ್ರ ಕೆರೆಯದೂ ಅಲ್ಲ, ರೈಲಿನದೂ ಅಲ್ಲ, ಹಳೆಯ ಚಿತ್ರಮಂದಿರದ ಹೆಸರು. ರೈಲಿಳಿದವರ ತಂಗುವಿಕೆಗೆಂದು ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರ 1903ರದು.

ಪ್ರಶ್ನೆ: ಚೆನ್ನೈ ಕಡೆಯಿಂದ ಬಂದ ರೈಲು ಹುಬ್ಬಳ್ಳಿಗೆ ಹೊರಡುವಾಗ ಹಿಂದುಮುಂದಾಗುತ್ತದೆ, ಮೈಸೂರಿಗೆ ಹೋಗುವಾಗ ಇಲ್ಲ. ಕಾರಣ?

ಉತ್ತರ: ದಂಡಿನ ಹಳಿಯೂ, ಮಲ್ಲೇಶ್ವರ–ಯಶವಂತಪುರದ ಮೂಲಕ ತುಮಕೂರಿಗೆ ಹೋಗುವ ಹಳಿಯೂ ನಿಲ್ದಾಣದ ಉತ್ತರ ತುದಿಗೇ ಬಂದು ಸೇರುತ್ತವೆ. ಮೈಸೂರು ಹಳಿ ಹೊರಡುವುದು ದಕ್ಷಿಣ ತುದಿಯಿಂದ. ಹಾಗಾಗಿ ಹುಬ್ಬಳ್ಳಿ ರೈಲು ಬಂದ ದಿಕ್ಕಿಗೇ ತಿರುಗಬೇಕು. ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಕಟ್ಟಿ, ಬ್ರೇಕ್ ಪೈಪು ಕೂಡಿಸಿ, ಗಾಳಿಯ ಒತ್ತಡ ಕೊನೆಯ ಬೋಗಿಯವರೆಗೂ ಮುಟ್ಟಿದೆಯೇ ಎಂದು ನೋಡದೆ ಬಿಡುವಂತಿಲ್ಲ. ಅಷ್ಟು ಹೊತ್ತು ಪ್ಲಾಟ್‌ಫಾರ್ಮ್ ಕಟ್ಟಿಹೋಗುತ್ತದೆ, ಹಿಂದಿನ ರೈಲು ಸಿಗ್ನಲ್‌ನಲ್ಲಿ ಕಾಯುತ್ತದೆ. ಬೈಯಪ್ಪನಹಳ್ಳಿಯಿಂದ ಬಾಣಸವಾಡಿ ಬಳಸಿ ನೇರ ಯಶವಂತಪುರ ಸೇರುವ ರೈಲುಗಳಿಗೆ ಈ ಗೋಜಿಲ್ಲ, ಆದರೆ ಅವು ಸಿಟಿಗೂ ಬರುವುದಿಲ್ಲ. ಇಲ್ಲಿ ಹತ್ತುವವರು ಒಂದು ನೆನಪಿಡಿ: ತಿರುಗಿದ ರೈಲಿನಲ್ಲಿ ಬೋಗಿಗಳ ಸಾಲೂ ತಿರುಗಿರುತ್ತದೆ. ಮುಂದಿದ್ದ ಬೋಗಿಯನ್ನು ಹಿಂದೆ ಹುಡುಕಬೇಕು.

ಪ್ರಶ್ನೆ: ಟಿಕೆಟ್‌ನಲ್ಲಿ ‘ಬೆಂಗಳೂರು’ ಎಂದಿದ್ದರೆ ಯಾವ ನಿಲ್ದಾಣ?

ಉತ್ತರ: ಹೆಸರಿಗಿಂತ ಸಂಕೇತ ನೋಡಿ. ಎಸ್‌ಬಿಸಿ ಎಂದರೆ ಇದೇ ಸಿಟಿ. ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ಎಂದು ಹೆಸರು ಬದಲಾದರೂ ಸಂಕೇತ ಬದಲಾಗಿಲ್ಲ. ಬಿಎನ್‌ಸಿ ದಂಡು, ವೈಪಿಆರ್ ಯಶವಂತಪುರ. ಹೆಚ್ಚು ಜನ ಎಡವುವುದು ಎಸ್‌ಎಂವಿಬಿಯಲ್ಲಿ: ಅದು 2022ರಲ್ಲಿ ಶುರುವಾದ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್. ಮೆಜೆಸ್ಟಿಕ್ಕಿಗೆ ಬಂದು ಆ ರೈಲು ಹುಡುಕಿದರೆ ಸಿಗದು.